ಹನ್ನೊಂದು ಅಂಕಿಗಳ ಹಾರ

ಶಾಲೆಯ ದಿನಗಳದೊಂದು ನೆನಪನ್ನು ಬರೆದು ಕಳುಹಿಸಬೇಕೆಂದು ಈ ಸ್ಮರಣ ಸಂಚಿಕೆಯ ಸಮಿತಿಯವರಿಂದ ಕಾಗದ ಬಂದಾಗ, ವಾರ್ಷಿಕೋತ್ಸವದ ನಾಟಕವನ್ನೋ ಕ್ರಿಸ್ಮಸ್ ಕಾಲದ ಹಾಡುಗಳನ್ನೋ ಕುರಿತು ಬರೆಯೋಣವೆಂದು ನಾವು ಮೊದಲು ಯೋಚಿಸಿದೆವು. ಆದರೆ ಅವುಗಳನ್ನು ನಮಗಿಂತ ಸೊಗಸಾಗಿ ಬರೆಯಬಲ್ಲವರು ಅನೇಕರಿರುವರು. ಆದುದರಿಂದ ನಾವು ಒಂದು ಸಂಖ್ಯೆಯ ವಿಷಯವಾಗಿ ಬರೆಯಹೊರಟಿರುತ್ತೇವೆ. ಸಂಖ್ಯೆಯೆಂದೊಡನೆ ಪುಟವನ್ನು ಮಗುಚಿಬಿಡುವ ವಾಚಕಿಯರು ದಯವಿಟ್ಟು ಸ್ವಲ್ಪ ತಾಳಬೇಕು. ನಾವು ಬಹುಕಾಲದಿಂದ ಒಪ್ಪಿಕೊಳ್ಳದೆ ಉಳಿಸಿಕೊಂಡ ತಪ್ಪೊಂದು ಈ ಸಂಖ್ಯೆಯೊಳಗೆ ಸಿಕ್ಕಿಕೊಂಡಿದೆ.

ನಾವು ಎಂದರೆ ಇಬ್ಬರು. ಒಬ್ಬಳು ತುಮಕೂರಿನವಳೇ, ಶಾಲೆಗೆ ನಡೆದು ಬರುತ್ತಿದ್ದವಳು. ಇನ್ನೊಬ್ಬಳು ಗುಬ್ಬಿಯಿಂದ ಬೆಳಗಿನ ರೈಲಿನಲ್ಲಿ ಬರುತ್ತಿದ್ದವಳು. ನಮ್ಮೊಡನೆ ಮೂರನೆಯವಳೊಬ್ಬಳಿದ್ದಳು. ಅವಳ ಊರು ಕುಣಿಗಲು. ಕುಣಿಗಲಿಗೆ ಆಗ ರೈಲು ಇರಲಿಲ್ಲ; ದಿನವೂ ಬಸ್ಸಿನಲ್ಲಿ ಬಂದುಹೋಗುವುದು ಕಷ್ಟವಾದ್ದರಿಂದ ಅವಳು ವಿದ್ಯಾರ್ಥಿನಿಲಯದಲ್ಲಿದ್ದಳು. ತನ್ನ ಹೆಸರನ್ನು ಅಚ್ಚು ಮಾಡಿಸಕೂಡದೆಂಬ ಷರತ್ತಿನ ಮೇಲೆ ಅವಳು ಈ ಲೇಖನಕ್ಕೆ ಒಪ್ಪಿರುವುದರಿಂದ ಕುಣಿಗಲಿನವಳೆಂದೇ ಇಲ್ಲಿ ಕರೆಯುವೆವು.

ನಾವು ಹತ್ತನೆಯ ತರಗತಿಗೆ ಬಂದದ್ದು ೧೯೮೦ರಲ್ಲಿ. ಆ ವರ್ಷದ ಜೂನ್ ೧೮ರಂದು ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು ಲಂಡನ್ ನಗರದ ಇಂಪೀರಿಯಲ್ ಕಾಲೇಜಿನಲ್ಲಿ, ಹದಿಮೂರು ಹದಿಮೂರು ಅಂಕಿಗಳುಳ್ಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ, ೨೮ ಸೆಕೆಂಡುಗಳಲ್ಲಿ ಉತ್ತರವನ್ನು ಹೇಳಿದರು. ಸರ್ಕಸ್ಸಿನ ಕಲಾವಿದರೊಬ್ಬರ ಮಗಳು. ಕ್ರಮವಾದ ಶಾಲಾ ವಿದ್ಯಾಭ್ಯಾಸವನ್ನು ಕಾಣದವರು. ನಮ್ಮ ಗಣಿತದ ಉಪಾಧ್ಯಾಯಿನಿಯವರು ಈ ವರ್ತಮಾನದಿಂದ ಎಷ್ಟು ಹಿಗ್ಗಿದರೆಂದರೆ, ಒಂದು ದಿನ ಪಾಠವನ್ನೇ ಬಿಟ್ಟು ಆ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದರು. ೭೬೮೬೩೬೯೭೭೪೮೭೦ ಎಂಬುದನ್ನು ೨೪೬೫೦೯೯೭೪೫೭೭೯ರಿಂದ ಗುಣಿಸಿದರೆ ೧೮೯೪೭೬೬೮೧೭೭೯೯೫೪೨೬೪೬೨೭೭೩೭೩೦. ಹಲಗೆಯ ಈ ಕೊನೆಯಿಂದ ಆ ಕೊನೆಯವರೆಗೆ ಅಂಕಿಗಳು.

"ಇದು ಸರಿಯೆಂದು ನಮಗೆ ಹೇಗೆ ಗೊತ್ತು?" ಎಂದು ಅವರು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಆಗ ಅವರು ಒಂಬತ್ತರ ಪರೀಕ್ಷೆಯನ್ನು ಹೇಳಿಕೊಟ್ಟರು. ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡುವುದು, ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡುವುದು, ಹೀಗೆ ಒಂದೇ ಅಂಕಿ ಉಳಿಯುವವರೆಗೆ. ಮೊದಲನೆಯ ಸಂಖ್ಯೆಯ ಅಂಕಿಗಳ ಮೊತ್ತ ೭೮, ಅದರಿಂದ ೧೫, ಅದರಿಂದ ೬. ಎರಡನೆಯದರ ಮೊತ್ತ ೭೪, ಅದರಿಂದ ೧೧, ಅದರಿಂದ ೨. ಆರೆರಡಲ ಹನ್ನೆರಡು, ಎಂದರೆ ೩. ಉತ್ತರದ ಇಪ್ಪತ್ತಾರು ಅಂಕಿಗಳನ್ನು ಕೂಡಿದರೆ ೧೩೮, ಅದರಿಂದ ೧೨, ಅದರಿಂದ ಅದೇ ೩. ತರಗತಿಯೆಲ್ಲವೂ ಚಪ್ಪಾಳೆ ತಟ್ಟಿತು. ಅವರು ಕೈಯೆತ್ತಿ ಸುಮ್ಮನಿರಿಸಿ, "ಈ ಪರೀಕ್ಷೆಯಲ್ಲಿ ಸೋತ ಲೆಕ್ಕ ತಪ್ಪೇ ಸರಿ, ಆದರೆ ಗೆದ್ದ ಲೆಕ್ಕವೆಲ್ಲ ಸರಿಯೆಂದು ತಿಳಿಯಬೇಡಿರಿ. ಎರಡು ಅಂಕಿಗಳು ಸ್ಥಳ ಬದಲಿಸಿಕೊಂಡರೆ ಇದಕ್ಕೆ ಕಾಣುವುದಿಲ್ಲ" ಎಂದರು. ಈ ಎಚ್ಚರಿಕೆಯ ಮಾತನ್ನು ವಾಚಕಿಯರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ನಾವು ಅದನ್ನು ಚೆನ್ನಾಗಿಯೇ ನೆನಪಿಟ್ಟುಕೊಂಡು ತಪ್ಪು ಕೆಲಸಕ್ಕೆ ಉಪಯೋಗಿಸಿದೆವು.

ಅಷ್ಟು ಉದ್ದದ ಸಂಖ್ಯೆಯನ್ನು ಏನೆಂದು ಓದಬೇಕೆಂದು ಕುಣಿಗಲಿನವಳು ಕೇಳಿದಳು. ಅದಕ್ಕೆ ಉತ್ತರವಾಗಿಯೇ ಮಹಾವೀರಾಚಾರ್ಯರ ಹೆಸರು ನಮ್ಮ ಕಿವಿಗೆ ಮೊದಲ ಬಾರಿಗೆ ಬಿದ್ದಿತು. ಕ್ರಿಸ್ತಶಕ ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದಿಂದ ಕನ್ನಡನಾಡನ್ನು ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಹೊಗಳಿ ಗ್ರಂಥವನ್ನಾರಂಭಿಸಿದ ಜೈನ ಪಂಡಿತರು ಅವರು. ಗ್ರಂಥದ ಹೆಸರು ಗಣಿತಸಾರಸಂಗ್ರಹ, ಭಾಷೆ ಸಂಸ್ಕೃತ. ಮದರಾಸಿನಲ್ಲಿ ರಂಗಾಚಾರ್ಯರು ೧೯೧೨ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ್ದರು. (ಇಂದಿನ ವಿದ್ಯಾರ್ಥಿನಿಯರಿಗೆ ನಮ್ಮಷ್ಟು ಕಷ್ಟವಿಲ್ಲ, ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದವು ೨೦೦೦ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಆ ಕೆಲಸವನ್ನು ಹೆಂಗಸೊಬ್ಬರು ಮಾಡಿದರೆಂಬುದು ನಮಗೆ ವಿಶೇಷವಾದ ಸಂತೋಷ.) "ನಮ್ಮೂರಿನ ಮಂದರಗಿರಿಯ ಬಸದಿಗಳನ್ನು ನೋಡಿರುವಿರಲ್ಲ, ಗುಬ್ಬಿಯ ಕಡೆಯವರು ನಿಟ್ಟೂರಿನ ಬಸದಿಯನ್ನು ನೋಡಿರುವಿರಲ್ಲ, ಆ ಮತಕ್ಕೆ ಸೇರಿದವರು" ಎಂದು ಉಪಾಧ್ಯಾಯಿನಿಯವರು ಗುರುತು ಹೇಳಿದರು. ಈ ಆಚಾರ್ಯರು ಅಂಕಿಗಳ ಸ್ಥಾನಗಳಿಗೆ ಇಪ್ಪತ್ತನಾಲ್ಕು ಹೆಸರುಗಳನ್ನು ಕೊಟ್ಟಿರುವರು: ಏಕ, ದಶ, ಶತ, ಸಹಸ್ರಗಳಿಂದ ಹೊರಟು ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಕೊನೆಗೆ ಮಹಾಕ್ಷೋಭದವರೆಗೆ. ಶಕುಂತಲಾದೇವಿಯವರ ಉತ್ತರ ಅದಕ್ಕಿಂತಲೂ ಎರಡು ಮನೆ ಆಚೆಗೆ ಹೋಗಿಬಿಟ್ಟಿತ್ತು! ಹೆಸರೇ ಸಾಲದು.

ಆಚಾರ್ಯರು ತಮ್ಮ ಗ್ರಂಥದ ಗುಣಾಕಾರದ ಪ್ರಕರಣದಲ್ಲಿ ಕೆಲವು ಲೆಕ್ಕಗಳನ್ನು ಅಲಂಕಾರಕ್ಕಾಗಿಯೇ ಇಟ್ಟಿರುವರು. ಅವುಗಳ ಉತ್ತರಗಳನ್ನು ಕೊರಳ ಹಾರಕ್ಕೆ ಹೋಲಿಸಿರುವರು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ಅವೆಲ್ಲಕ್ಕಿಂತ ಸುಂದರವಾದದ್ದು ೨೭೯೯೪೬೮೧ನ್ನು ೪೪೧ರಿಂದ ಗುಣಿಸುವ ಲೆಕ್ಕ. ಅದರ ಉತ್ತರ ೧೨೩೪೫೬೫೪೩೨೧. ಒಂದರಿಂದ ಆರರವರೆಗೆ ಏರಿ, ಆರರಿಂದ ಒಂದಕ್ಕೆ ಇಳಿಯುವ ಹನ್ನೊಂದು ಅಂಕಿಗಳು. ನಡುವೆ ದೊಡ್ಡ ಪದಕ, ಎರಡು ಪಕ್ಕಕ್ಕೂ ಕ್ರಮವಾಗಿ ಚಿಕ್ಕದಾಗುವ ಮಣಿಗಳು. ನಮ್ಮ ಎಣಿಕೆಯಲ್ಲಿ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಆಚಾರ್ಯರ ಎಣಿಕೆಯಲ್ಲಿ ಮೊದಲನೆಯ ಒಂದು ಅರ್ಬುದದ ಮನೆಯಲ್ಲಿ ಕುಳಿತಿದೆ.

"ಹಾರ ಚೆಲುವಾಗಿದೆ, ಸರಿ. ಇದರ ಕುಲಗೋತ್ರವೇನು? ಹೇಳಿಕೊಂಡು ಬನ್ನಿರಿ" ಎಂದು ಉಪಾಧ್ಯಾಯಿನಿಯವರು ನಮ್ಮ ಮೂವರಿಗೆ ಒಟ್ಟಾಗಿ ಕೆಲಸವನ್ನು ಕೊಟ್ಟರು. ಆಮೇಲೆ ನಕ್ಕು, "ನಮ್ಮ ಶಾಲೆಯಲ್ಲಿ ಹುಡುಗಿಯರನ್ನು ಆ ಪ್ರಶ್ನೆ ಕೇಳುವುದಿಲ್ಲ, ಸಂಖ್ಯೆಗಳನ್ನು ಕೇಳಬಹುದು" ಎಂದು ಸೇರಿಸಿದರು.

ಮೊದಲನೆಯ ದಿನದ ಕೆಲಸ ಹಬ್ಬದಂತಿತ್ತು. ಇದು ಬೆಸಸಂಖ್ಯೆಯೆಂಬುದು ಕಣ್ಣಿಗೇ ಕಾಣುತ್ತದೆ. ಅಂಕಿಗಳ ಮೊತ್ತ ೩೬, ಆದುದರಿಂದ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದು. ಕೊನೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿದರೆ ೩೨೧, ೬೫೪, ೩೪೫, ೧೨. ಇವನ್ನು ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋದರೆ ಸೊನ್ನೆ ಬರುತ್ತದೆ. ಸೊನ್ನೆ ಬಂದರೆ ಆ ಸಂಖ್ಯೆ ೧೦೦೧ರಿಂದ, ಎಂದರೆ ೭, ೧೧, ೧೩ ಈ ಮೂರರಿಂದಲೂ ಭಾಗವಾಗುವುದು. ಅದೇ ಗುಂಪುಗಳನ್ನು ಬರಿದೇ ಕೂಡಿದರೆ ೧೩೩೨. ಅದು ೩೭ರ ಮೂವತ್ತಾರರಷ್ಟು, ಆದುದರಿಂದ ೩೭ ಕೂಡ ಇದರ ಭಾಜಕವೇ. ಅಷ್ಟರಲ್ಲಿ ಗುಬ್ಬಿಯವಳಿಗೆ ಹೊಳೆಯಿತು: ಇದು ೧೧೧೧೧೧ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸಲು ಮೆಟ್ಟಿಲು ಮೆಟ್ಟಿಲಾಗಿ ಬರೆದು ಕೂಡಿದರೆ ಏರಿಕೆ ಇಳಿಕೆ ತಾನಾಗಿಯೇ ಬರುತ್ತದೆ. ಮತ್ತೆ ಆಚಾರ್ಯರ ಲೆಕ್ಕವನ್ನು ನೋಡಿದರೆ, ೪೪೧ ಎಂಬುದು ೨೧ರ ವರ್ಗ, ೨೭೯೯೪೬೮೧ ಎಂಬುದು ೫೨೯೧ರ ವರ್ಗ! ಬಚ್ಚಿಟ್ಟ ಎರಡು ವರ್ಗಗಳಿಂದ ಹಾರವನ್ನು ಕಟ್ಟಿದ್ದರು.

೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಹಾರದಲ್ಲಿ ಇವು ಒಂದೊಂದೂ ಎರಡೆರಡು ಸಲ. ಹಾಗಾದರೆ ಹಾರವನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಎಷ್ಟು? ಪ್ರತಿಯೊಂದು ಅವಿಭಾಜ್ಯವನ್ನೂ ತೆಗೆದುಕೊಳ್ಳದೆ ಇರಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು, ಮೂರು ದಾರಿ. ಐದಕ್ಕೂ ಮೂರು ಮೂರು ದಾರಿಯೆಂದರೆ ೨೪೩ ಭಾಜಕಗಳು. ಭಾಜಕಗಳು ಯಾವಾಗಲೂ ಜೋಡಿ ಜೋಡಿಯಾಗಿರುತ್ತವೆ. ಒಂದರಿಂದ ಭಾಗಿಸಿದರೆ ಅದರ ಜೊತೆಯದು ಸಿಕ್ಕುತ್ತದೆ. ಭಾನುವಾರ ವಿದ್ಯಾರ್ಥಿನಿಲಯದ ಹುಡುಗಿಯರು ಇಬ್ಬಿಬ್ಬರಾಗಿ ಕೈಹಿಡಿದು ಚರ್ಚಿಗೆ ಹೊರಡುವಂತೆ ಇವನ್ನು ನಿಲ್ಲಿಸಿದರೆ ೧೨೧ ಜೋಡಿಗಳು. ೧೧೧೧೧೧ ಎಂಬುದು ಮಾತ್ರ ತನಗೆ ತಾನೇ ಜೊತೆಯಾಗಿ ನಡುವೆ ಒಂಟಿಯಾಗಿ ನಿಲ್ಲುವುದು. ಈ ಹೋಲಿಕೆ ಕುಣಿಗಲಿನವಳದು. ಆ ಸಾಲಿನಲ್ಲಿ ಅವಳಿಗೆ ಆಗಾಗ ಜೊತೆ ಸಿಕ್ಕುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಉಳಿದದ್ದು ಒಂದೇ ಪ್ರಶ್ನೆ, ಅದೇ ದೊಡ್ಡದು. ಸಂಖ್ಯೆಗಳನ್ನು ಪೂರ್ಣ, ನ್ಯೂನ, ಅಧಿಕವೆಂದು ಮೂರು ಪಂಗಡಗಳಾಗಿ ವಿಂಗಡಿಸುವ ಪದ್ಧತಿ ಗ್ರೀಕರದು. ಒಂದು ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನು ಕೂಡಿದರೆ ಅದೇ ಸಂಖ್ಯೆ ಬಂದರೆ ಅದು ಪೂರ್ಣ, ಕಡಿಮೆ ಬಂದರೆ ನ್ಯೂನ, ಹೆಚ್ಚು ಬಂದರೆ ಅಧಿಕ. ಒಂದು, ಎರಡು, ಮೂರು ಕೂಡಿದರೆ ಆರು. ಆದುದರಿಂದ ಆರು ಪೂರ್ಣ. ಎಂಟಕ್ಕೆ ಒಂದು, ಎರಡು, ನಾಲ್ಕು ಕೂಡಿ ಏಳೇ ಆಗುವುದರಿಂದ ಅದು ನ್ಯೂನ. ಹನ್ನೆರಡಕ್ಕೆ ಹದಿನಾರು ಬರುವುದರಿಂದ ಅದು ಅಧಿಕ. ಇದು ನಮಗೆ ಗಣಿತದ ಪಾಠಕ್ಕಿಂತ ಮುಂಚೆಯೇ ಸತ್ಯವೇದದ ಪಾಠದಲ್ಲಿ ಪರಿಚಯವಾಗಿತ್ತು. ದೇವರು ಆರು ದಿನಗಳಲ್ಲಿ ಸೃಷ್ಟಿಯನ್ನು ಮುಗಿಸಿದ್ದೇಕೆಂಬುದಕ್ಕೆ, ಆರು ಪೂರ್ಣಸಂಖ್ಯೆಯಾದುದೇ ಕಾರಣವೆಂದು ಸಂತ ಅಗಸ್ಟೀನರು ಬರೆದಿರುವರು. ನೋಹನ ನಾವೆಯಲ್ಲಿ ಉಳಿದವರು ಎಂಟು ಮಂದಿ, ಎಂಟು ನ್ಯೂನ, ಆದುದರಿಂದ ಮನುಷ್ಯಕುಲದ ಎರಡನೆಯ ಹುಟ್ಟು ಮೊದಲಿನದಕ್ಕಿಂತ ಕೊರೆಯೆಂದು ಆಲ್ಕ್ವಿನ್ ಎಂಬ ಪಂಡಿತರು ಹೇಳಿರುವರು. ಯೋಹಾನನ ಸುವಾರ್ತೆಯಲ್ಲಿ ಶಿಷ್ಯರ ಬಲೆಗೆ ಬಿದ್ದ ಮೀನುಗಳು ೧೫೩. ಅದು ಒಂದರಿಂದ ಹದಿನೇಳರವರೆಗಿನ ಸಂಖ್ಯೆಗಳ ಮೊತ್ತ. ಇಂಥ ಅರ್ಥಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಬೇರೆ ಮಾತು. ಸತ್ಯವೇದದ ತರಗತಿಯಲ್ಲಿ ನಿದ್ರೆ ಬಾರದಂತೆ ಮಾಡಿದ್ದು ಮಾತ್ರ ನಿಜ.

ಹಾಗಾದರೆ ನಮ್ಮ ಹಾರ ಯಾವ ಪಂಗಡಕ್ಕೆ ಸೇರಿದ್ದು? ೨೪೩ ಭಾಜಕಗಳನ್ನು ಒಂದೊಂದಾಗಿ ಬರೆಯಬೇಕಾಗಿಲ್ಲ. ಒಂದು, ಮೂರು, ಒಂಬತ್ತು ಕೂಡಿದರೆ ೧೩. ಒಂದು, ಏಳು, ನಾಲ್ವತ್ತೊಂಬತ್ತು ಕೂಡಿದರೆ ೫೭. ಹೀಗೆಯೇ ಹನ್ನೊಂದರಿಂದ ೧೩೩, ಹದಿಮೂರರಿಂದ ೧೮೩, ಮೂವತ್ತೇಳರಿಂದ ೧೪೦೭. ಈ ಐದನ್ನು ಗುಣಿಸಿದರೆ ಎಲ್ಲ ಭಾಜಕಗಳ ಮೊತ್ತ ಒಮ್ಮೆಗೇ ಬರುತ್ತದೆ. ಅದರಲ್ಲಿ ಹಾರವೂ ಸೇರಿರುವುದರಿಂದ, ಮೊತ್ತವು ಹಾರದ ಎರಡರಷ್ಟಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ನೋಡಿದರೆ ಸಾಕು. ನಾವಿಬ್ಬರೂ ಮೊದಲ ನಾಲ್ಕನ್ನು ಗುಣಿಸಿದೆವು: ೧೮೦೩೫೧೯೯ ಬಂದಿತು. ೩, ೭, ೧೧, ೧೩ರ ವರ್ಗಗಳ ಗುಣಲಬ್ಧ ೯೦೧೮೦೦೯. ಅದರ ಎರಡರಷ್ಟು ೧೮೦೩೬೦೧೮. ಕೇವಲ ೮೧೯ ಕಡಿಮೆ! ಒಂದೂ ಮುಕ್ಕಾಲು ಕೋಟಿಗೆ ಮೀರಿದ ಸಂಖ್ಯೆಯಲ್ಲಿ ೮೧೯ ಎಂದರೆ ಎಷ್ಟು ಮಾತ್ರದ್ದು! ಆದರೂ ಕಡಿಮೆ ಕಡಿಮೆಯೇ. ನ್ಯೂನವೆಂದು ನಾವು ತೀರ್ಮಾನಿಸಿದೆವು. ೩೭ ಎಂಬುದು ದೊಡ್ಡ ಅವಿಭಾಜ್ಯ. ಅದರಿಂದ ಬರುವ ಸೇರ್ಪಡೆ ಅತ್ಯಲ್ಪ, ಅದು ಏನನ್ನೂ ಬದಲಿಸಲಾರದೆಂದು ನಮ್ಮ ವಾದ. ಅದಲ್ಲದೆ ಗುಬ್ಬಿಯವಳು ರೈಲಿನಲ್ಲಿ ಕುಳಿತು ನೂರರೊಳಗಿನ ಬೆಸಸಂಖ್ಯೆಗಳನ್ನೆಲ್ಲ ಪರೀಕ್ಷಿಸಿಬಿಟ್ಟಿದ್ದಳು. ಎಲ್ಲವೂ ನ್ಯೂನ. ನಾಲ್ವತ್ತೈದಕ್ಕೂ ಮೂವತ್ತಮೂರರ ಮೇಲೆ ಬರಲಿಲ್ಲ. ಆದುದರಿಂದ ಬೆಸಸಂಖ್ಯೆ ಎಂದಿಗೂ ಅಧಿಕವಾಗಲಾರದೆಂದು ನಾವೇ ಒಂದು ಸಿದ್ಧಾಂತವನ್ನು ಕಟ್ಟಿದೆವು.

ಕುಣಿಗಲಿನವಳು ಸುಮ್ಮನೆ ಕೊನೆಯ ಗುಣಾಕಾರವನ್ನು ಮಾಡಿ ಮುಗಿಸಿದಳು. ಅವಳಿಗೆ ೨೫೩೭೫೫೨೪೯೯೩ ಬಂದಿತ್ತು. ಅದರಿಂದ ಹಾರವನ್ನು ಕಳೆದರೆ ೧೩೦೨೯೮೭೦೬೭೨, ಹಾರಕ್ಕಿಂತ ಹೆಚ್ಚು. "ಇದು ಅಧಿಕ ಕಣ್ರೇ" ಎಂದಳು.

"ಎಲ್ಲಿಯೋ ತಪ್ಪು ಮಾಡಿದ್ದೀಯ, ಬೆಸ ಹೇಗೆ ಅಧಿಕವಾದೀತೇ?" ಎಂದೆವು.

"ಒಂಬತ್ತರ ಪರೀಕ್ಷೆಯಲ್ಲಿ ಸರಿ ಬರುತ್ತದಲ್ಲೇ, ನೋಡಿ ಬೇಕಾದರೆ."

"ಆ ಪರೀಕ್ಷೆಗೆ ಕಣ್ಣು ಕಟ್ಟಬಹುದೆಂದು ಟೀಚರೇ ಹೇಳಲಿಲ್ಲವೇನೇ?"

ಅವಳು ಮತ್ತೆ ಮಾತನಾಡಲಿಲ್ಲ. ನಾವು ಅವಳ ಗುಣಾಕಾರವನ್ನು ಮಾಡಿ ನೋಡಬಹುದಾಗಿತ್ತು. ಐದು ನಿಮಿಷದ ಕೆಲಸ. ಮಾಡಲಿಲ್ಲ. ಇಬ್ಬರು ಒಂದು ಕಡೆ, ಒಬ್ಬಳು ಒಂದು ಕಡೆ ಎಂಬುದೇ ನಮಗೆ ಸಾಕಾದ ಪ್ರಮಾಣವಾಗಿ ತೋರಿತು. ತುಮಕೂರಿನವಳು ಅಕ್ಕನ ಪೆನ್ನಿನಿಂದ ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿ, ಕೆಳಗೆ "ನ್ಯೂನ" ಎಂದು ಬರೆದು, ಮೂವರ ಹೆಸರನ್ನೂ ಹಾಕಿದಳು.

ಹಾಳೆ ನಾಲ್ಕು ದಿನದ ಮೇಲೆ ನಮ್ಮಿಬ್ಬರ ಕೈಗೆ ಹಿಂದಿರುಗಿತು. ಸರಿಯೆಂದೂ ಇಲ್ಲ, ತಪ್ಪೆಂದೂ ಇಲ್ಲ. ಅಂಚಿನಲ್ಲಿ ಉಪಾಧ್ಯಾಯಿನಿಯವರ ಸಣ್ಣ ಅ‌ಕ್ಷರಗಳಲ್ಲಿ ಒಂದು ಸಾಲು: "ನೂರಕ್ಕೆ ನಿಂತಿರೇಕೆ? ಸಾವಿರದವರೆಗೆ ನಡೆಯಿರಿ." ಉತ್ತರವನ್ನು ತಾವಾಗಿ ಹೇಳುವುದು ಅವರ ಪದ್ಧತಿಯಲ್ಲ. ದಸರೆಯ ರಜ ಹತ್ತಿರವಾಗಿತ್ತು. ನಾನೂರೈವತ್ತು ಬೆಸಸಂಖ್ಯೆಗಳನ್ನು ಪರೀಕ್ಷಿಸುವ ಉತ್ಸಾಹ ನಮಗಿರಲಿಲ್ಲ. ಸಿದ್ಧಾಂತವಂತೂ ಇದ್ದೇ ಇತ್ತು. ಹಾಳೆಯನ್ನು ಕುಣಿಗಲಿನವಳಿಗೆ ತೋರಿಸಲಿಲ್ಲ. ಮರೆತೆವೆಂದು ಬಹಳ ದಿನ ನಮಗೆ ನಾವೇ ಹೇಳಿಕೊಂಡಿದ್ದೇವೆ; ಮರೆತದ್ದಲ್ಲ. ರಜ ಮುಗಿದ ಮೇಲೆ ಉಪಾಧ್ಯಾಯಿನಿಯವರು ಒಮ್ಮೆ ವೆರಾಂಡದಲ್ಲಿ ನಿಲ್ಲಿಸಿ, "ಸಾವಿರದವರೆಗೆ ನಡೆದಿರಾ?" ಎಂದು ಕೇಳಿದರು. ನಡೆದೆವೆಂದು ಹೇಳಿದೆವು. ಅವರು ನಮ್ಮ ಮುಖಗಳನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೆ ಎಂದೂ ಆ ಮಾತನ್ನು ಎತ್ತಲಿಲ್ಲ. ಈಗ ಅವರಿಲ್ಲ.

ಪರೀಕ್ಷೆಯಾಯಿತು, ಮೂವರೂ ತೇರ್ಗಡೆಯಾದೆವು, ಮೂರು ದಾರಿಯಾಯಿತು. ನಾವಿಬ್ಬರೂ ಆಗಾಗ ಕಲೆಯುತ್ತಿದ್ದೆವು. ಅವಳು ಮಾತ್ರ ಮದುವೆಗಳಲ್ಲಿ ದೂರದಿಂದ ಕಂಡು ನಗುವಷ್ಟಕ್ಕೆ ನಿಂತಳು.

ಈ ಸಂಚಿಕೆಗೆ ಹಳೆಯ ಭಾವಚಿತ್ರವೇನಾದರೂ ಸಿಕ್ಕೀತೆಂದು ಗುಬ್ಬಿಯವಳು ತವರಿನ ಟ್ರಂಕನ್ನು ತೆಗೆಸಿದಾಗ, ಭಾವಚಿತ್ರಕ್ಕೆ ಬದಲಾಗಿ ಆ ಹಾಳೆ ಸಿಕ್ಕಿತು. ಕೆಂಪು ಶಾಯಿ ಕಂದಾಗಿತ್ತು. ತಮಾಷೆಗಾಗಿ ಮೊಮ್ಮಗಳ ಮೊಬೈಲಿನಲ್ಲಿ ಐದು ಸಂಖ್ಯೆಗಳನ್ನು ಗುಣಿಸಿದೆವು. ೨೫೩೭೫೫೨೪೯೯೩. ಒಂದಂಕಿಯೂ ವ್ಯತ್ಯಾಸವಿಲ್ಲ. ಹಾರ ಅಧಿಕವೇ, ತನಗಿಂತ ೬೮೪೨೧೬೩೫೧ರಷ್ಟು, ಎಂದರೆ ಅರವತ್ತೆಂಟು ಕೋಟಿಗೂ ಮೀರಿ ಅಧಿಕ.

ಆಮೇಲೆ ನಾವು ಸಾವಿರದವರೆಗೆ ನಡೆದೆವು. ಒಂಬೈನೂರ ನಲವತ್ತಮೂರರವರೆಗೆ ಬೆಸಸಂಖ್ಯೆಗಳೆಲ್ಲ ನ್ಯೂನವೇ. ನಮ್ಮ ಸಿದ್ಧಾಂತ ಅಷ್ಟು ದೂರ ನಿಂತಿರುತ್ತದೆ. ೯೪೫ ಬಂದಾಗ ಬೀಳುತ್ತದೆ. ಅದರ ಭಾಜಕಗಳು ೧, ೩, ೫, ೭, ೯, ೧೫, ೨೧, ೨೭, ೩೫, ೪೫, ೬೩, ೧೦೫, ೧೩೫, ೧೮೯, ೩೧೫, ಕೂಡಿದರೆ ೯೭೫. ಬೆಸಸಂಖ್ಯೆಗಳಲ್ಲಿ ಮೊದಲನೆಯ ಅಧಿಕ ಸಂಖ್ಯೆ ಇದೇ. ಉಪಾಧ್ಯಾಯಿನಿಯವರು ಸಾವಿರವೆಂದು ಬರೆದದ್ದು ಬಾಯಿಮಾತಿಗಲ್ಲ.

ನಮ್ಮನ್ನು ಇನ್ನೂ ನಾಚಿಸಿದ್ದು ಆ ೮೧೯. ಓದುತ್ತ ಹೋದಾಗ ತಿಳಿದದ್ದೇನೆಂದರೆ, ನಾವು ನಿಂತುಬಿಟ್ಟ ಆ ೯೦೧೮೦೦೯ ಎಂಬ ಸ್ಥಳದಲ್ಲಿಯೇ ಫ್ರಾನ್ಸ್ ದೇಶದ ದೆಕಾರ್ತ್ ಎಂಬ ಮಹಾ ತತ್ತ್ವಜ್ಞಾನಿಯೂ ೧೬೩೮ರಲ್ಲಿ ನಿಂತಿದ್ದನು. ಆದರೆ ಅವನು ನಿಂತದ್ದು ಮುಂದೆ ನೋಡುವುದಕ್ಕೆ. ಪೂರ್ಣವಾದ ಬೆಸಸಂಖ್ಯೆ ಉಂಟೇ ಎಂಬುದು ಅವನ ಪ್ರಶ್ನೆ. ೧೮೦೩೫೧೯೯ನ್ನು ಆ ಕೊರತೆಯಾದ ೮೧೯ರಿಂದ ಭಾಗಿಸಿದರೆ ಶೇಷವಿಲ್ಲದೆ ೨೨೦೨೧ ಬರುತ್ತದೆ. ೨೨೦೨೧ ಅವಿಭಾಜ್ಯವಾಗಿದ್ದರೆ, ಅದರಿಂದ ೯೦೧೮೦೦೯ನ್ನು ಗುಣಿಸಿ ಬರುವ ೧೯೮೫೮೫೫೭೬೧೮೯ ಎಂಬ ಸಂಖ್ಯೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಪೂರ್ಣವಾಗುತ್ತಿತ್ತು. ಆದರೆ ೨೨೦೨೧ ಎಂಬುದು ೧೯, ೧೯, ೬೧ರ ಗುಣಲಬ್ಧ! ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಪೂರ್ಣವಾದ ಬೆಸಸಂಖ್ಯೆ ಇಂದಿಗೂ ಯಾರಿಗೂ ಸಿಕ್ಕಿಲ್ಲ, ಇಲ್ಲವೆಂದು ಯಾರೂ ಸಾಧಿಸಿಯೂ ಇಲ್ಲ. ಇದ್ದರೆ ಅದರಲ್ಲಿ ಸಾವಿರದ ಐನೂರಕ್ಕಿಂತ ಹೆಚ್ಚು ಅಂಕಿಗಳಿರಬೇಕೆಂದು ೨೦೧೨ರಲ್ಲಿ ಸಿದ್ಧವಾಗಿದೆ. ಮಹಾಕ್ಷೋಭದ ಇಪ್ಪತ್ತನಾಲ್ಕು ಮನೆಗಳನ್ನು ನೆನೆದುಕೊಂಡು ನಾವು ಬೆರಗಾದೆವು.

ತೂಕದ ತಟ್ಟೆ ಅಷ್ಟು ಸೂಕ್ಷ್ಮವಾಗಿ ನಿಂತಿರುವಾಗ, ೨೨೦೨೧ಕ್ಕಿಂತ ಚಿಕ್ಕದಾದ ಯಾವ ಹೊಸ ಅವಿಭಾಜ್ಯವನ್ನು ಸೇರಿಸಿದರೂ ಅದು ಅಧಿಕದ ಕಡೆಗೆ ವಾಲಲೇಬೇಕು. ನಾವು ಅತ್ಯಲ್ಪವೆಂದು ತಳ್ಳಿಬಿಟ್ಟದ್ದು ೩೭ನ್ನು.

ಹಾಳೆಯನ್ನು ತೆಗೆದುಕೊಂಡು ಕುಣಿಗಲಿಗೆ ಹೋದೆವು. ಅವಳ ಮನೆ ಕೆರೆಯ ಕಡೆಗಿದೆ. ನೆರೆಹೊರೆಯ ಮಕ್ಕಳಿಗೆ ಬಹುಕಾಲದಿಂದ ಗಣಿತ ಹೇಳಿಕೊಡುತ್ತಿರುವಳೆಂದು ಅಂದೇ ನಮಗೆ ಗೊತ್ತಾದದ್ದು. ನಡುಮನೆಯಲ್ಲಿ ಒಂದು ಕರಿಹಲಗೆ ಇತ್ತು. "ಇದೇನ್ರೇ, ಇಬ್ಬರೂ ಒಟ್ಟಿಗೆ! ಯಾರದಾದರೂ ಮದುವೆಯೇ?" ಎಂದು ಎದ್ದು ಬಂದಳು. ಸೊಸೆ ಕಾಫಿ ತಂದಿಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೊಂದೂ ಬಾರದೆ, ಹಾಳೆಯನ್ನೇ ಅವಳ ಕೈಗೆ ಕೊಟ್ಟೆವು.

ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ತನ್ನ ಗುಣಾಕಾರವನ್ನಲ್ಲ, ಅಂಚನ್ನು.

"ಇದನ್ನು ಟೀಚರು ಯಾವಾಗ ಬರೆದರು?"

"ದಸರೆಗೆ ಮುಂಚೆ."

"ನನಗೆ ತೋರಿಸಲೇ ಇಲ್ಲವಲ್ಲೇ."

ಇಲ್ಲವೆಂದೆವು. ತಪ್ಪಾಯಿತೆಂದೆವು. ವೆರಾಂಡದಲ್ಲಿ ಆಡಿದ ಸುಳ್ಳನ್ನೂ ಹೇಳಿದೆವು. ಅವಳು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದಳು.

"ಒಂಬೈನೂರ ನಲವತ್ತೈದು ತಾನೆ?" ಎಂದಳು ಆಮೇಲೆ. "ಆ ದಸರೆಯಲ್ಲೇ ಸಿಕ್ಕಿತ್ತು ನನಗೆ. ಹಾರದಲ್ಲಿ ಐದು ಇರಲಿಲ್ಲ, ನೋಡಿ. ಮೂರು, ಏಳರ ಜೊತೆಗೆ ಐದನ್ನೂ ಹಾಕಿದರೆ ಚಿಕ್ಕದರಲ್ಲೇ ಆಗಬೇಕಲ್ಲ ಅಂತ ಮಾಡಿದೆ. ಮೂರನ್ನು ಮೂರು ಸಲ ಹಾಕಬೇಕಾಯಿತು, ಅಷ್ಟೇ."

"ನಮಗೇಕೆ ಹೇಳಲಿಲ್ಲವೇ?"

"ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಿರಲ್ಲ. ಹೇಳಿದ್ದರೆ ನಂಬುತ್ತಿದ್ದಿರೇನು?"

ಇದಕ್ಕೆ ನಾವು ಉತ್ತರ ಕೊಡಲಿಲ್ಲ. ಅವಳೂ ಉತ್ತರಕ್ಕಾಗಿ ಕಾಯಲಿಲ್ಲ. ಎದ್ದು ಹೋಗಿ ಕರಿಹಲಗೆಯನ್ನು ಒರೆಸಿ, ಮುಂದಿನ ಹಾರವನ್ನು ಬರೆದಳು: ೧೨೩೪೫೬೭೬೫೪೩೨೧. ಏಳು ಒಂದುಗಳ ವರ್ಗ. "ಇದು ಯಾವ ಪಂಗಡ? ಮೂವರೂ ಮಾಡೋಣ, ಈ ಸಲ ಯಾರೂ ಹೊಡೆದುಹಾಕುವಂತಿಲ್ಲ" ಎಂದಳು. ೧೧೧೧೧೧೧ನ್ನು ಭಾಗಿಸುವ ಅವಿಭಾಜ್ಯವನ್ನು ಹುಡುಕುತ್ತ ಕುಳಿತೆವು. ಮೂರು ಆಗದು, ಏಳು ಆಗದು, ಹನ್ನೊಂದು ಆಗದು. ನೂರು ದಾಟಿತು, ಇನ್ನೂರು ದಾಟಿತು. ಸೊಸೆ ಎರಡನೆಯ ಸಲ ಕಾಫಿ ತಂದಳು. ೨೩೯ಕ್ಕೆ ಬಂದಾಗ ಶೇಷವಿಲ್ಲದೆ ಹೋಯಿತು, ಭಾಗಲಬ್ಧ ೪೬೪೯. ಅದು ಅವಿಭಾಜ್ಯವೋ ಅಲ್ಲವೋ ಎಂದು ನೋಡುವಷ್ಟರಲ್ಲಿ ತುಮಕೂರಿನ ಬಸ್ಸಿಗೆ ಹೊತ್ತಾಯಿತು. "ನೀವು ಹೊರಡಿ, ಮಿಕ್ಕದ್ದನ್ನು ನಾನು ಮಾಡಿ ಬರೆಯುತ್ತೇನೆ" ಎಂದಳು.

ಮೂರನೆಯ ದಿನ ಇಬ್ಬರಿಗೂ ಒಂದೊಂದು ಪೋಸ್ಟ್‌ಕಾರ್ಡು ಬಂದಿತು. ೪೬೪೯ ಅವಿಭಾಜ್ಯ, ಆದುದರಿಂದ ಹೊಸ ಹಾರಕ್ಕೆ ಭಾಜಕಗಳು ಒಂಬತ್ತೇ ಒಂಬತ್ತು, ಪಂಗಡ ನ್ಯೂನ, ಬಹಳ ನ್ಯೂನ. ಇಷ್ಟನ್ನು ಬರೆದು ಕೆಳಗೆ ಇನ್ನೊಂದು ವಿಷಯ ಸೇರಿಸಿದ್ದಳು. ಅಂದು ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕಾಗಿರಲಿಲ್ಲವಂತೆ. ಏಳು ಒಂದುಗಳನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದಾದರೂ, ಅದನ್ನು ಏಳರಿಂದ ಭಾಗಿಸಿದರೆ ಶೇಷ ಒಂದೇ ಬರಬೇಕಂತೆ. ೪೬೪೯ಕ್ಕಾದರೆ ೨೯, ೪೩ ಎರಡನ್ನು ನೋಡಿದರೆ ಮುಗಿಯಿತಂತೆ. ಏಕೆಂಬುದನ್ನು ನೀವಿಬ್ಬರೂ ಸೇರಿ ಕಂಡುಹಿಡಿದು ನನಗೆ ಬರೆಯಿರಿ ಎಂದು ಕಾರ್ಡು ಮುಗಿದಿತ್ತು.

ಈ ಲೇಖನವನ್ನು ಅಂಚೆಗೆ ಹಾಕುವ ಹೊತ್ತಿಗೂ ನಾವು ಅದನ್ನು ಕಂಡುಹಿಡಿಯುತ್ತಲೇ ಇದ್ದೇವೆ.